ಸಂಕಪ್ಪಯ್ಯನ ಒಳ್ಳೆಯತನ

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಕುರಿತು ನಾವು ಉಪಾಧ್ಯಾಯರು ಮಾತನಾಡುವಾಗ ನಮ್ಮ ಮಾತೆಲ್ಲ ಬಹುಮಟ್ಟಿಗೆ ಚೋಮನ ಸುತ್ತಲೇ ಸುಳಿಯುತ್ತದೆ. ಅದು ಸಹಜವೇ ಸರಿ. ಕಾಡಿನಲ್ಲಿ ಸಿಕ್ಕ ಎರಡು ಎತ್ತುಗಳನ್ನು ಸಾಕಿಕೊಂಡು, ಉಳಲು ತುಂಡು ಭೂಮಿಯಿಲ್ಲದೆ, ಒಡಲ ಸಂಕಟವನ್ನೆಲ್ಲ ದುಡಿಯ ಮೇಲೆ ಬಾರಿಸಿ ಸಾಯುವ ಆ ಮುದುಕನನ್ನು ಬಿಟ್ಟು ಬೇರೆಯವರತ್ತ ಕಣ್ಣು ಹಾಯುವುದಾದರೂ ಹೇಗೆ? ಆದರೆ ಈ ಲೇಖನದಲ್ಲಿ ನಾವು ವಾಚಕರ ಗಮನವನ್ನು ಚೋಮನ ಧಣಿಯಾದ ಸಂಕಪ್ಪಯ್ಯನ ಕಡೆಗೆ ಸೆಳೆಯಬಯಸುತ್ತೇವೆ. ಪೂರ್ವಗ್ರಹವೆಂಬುದು ಹೇಗೆ ಕೆಲಸ ಮಾಡುತ್ತದೆಂಬ ಪ್ರಶ್ನೆಗೆ ಈ ಕಾದಂಬರಿ ಕೊಡುವ ಉತ್ತರ ಚೋಮನಲ್ಲಿಲ್ಲ, ಸಂಕಪ್ಪಯ್ಯನಲ್ಲಿದೆ ಎಂಬುದು ನಮ್ಮ ನಂಬಿಕೆ.

ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ಆಗ ನಮ್ಮ ಕಾಸರಗೋಡು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದಿತು. 1956ರವರೆಗೂ ಆ ಜಿಲ್ಲೆಯ ಅಂಗವಾಗಿಯೇ ಉಳಿಯಿತು. ಆದುದರಿಂದ ಸಂಕಪ್ಪಯ್ಯನು ನಮಗೆ ದೂರದವನಲ್ಲ. ಅಂಥವರ ಜಗಲಿಯನ್ನು ಕಂಡವರು, ಅಂಥವರ ಅಂಗಳದಾಚೆ ನಿಂತು ಕೂಗಿದವರು, ಇಬ್ಬರ ಮೊಮ್ಮಕ್ಕಳೂ ಇಂದು ನಮ್ಮ ತರಗತಿಗಳಲ್ಲಿದ್ದಾರೆ.

ಸಂಕಪ್ಪಯ್ಯ ಕ್ರೂರಿಯಲ್ಲ. ಚೋಮನು ಭೂಮಿ ಕೇಳಿದಾಗ ಅವನ ಮನಸ್ಸು ಸ್ವಲ್ಪ ಕರಗುತ್ತದೆ. ಕೊಟ್ಟರೆ ತಪ್ಪೇನು ಎಂಬಷ್ಟರವರೆಗೂ ಬರುತ್ತದೆ. ಅಡ್ಡ ಬರುವುದು ಮುದಿ ತಾಯಿಯ ಮಾತು. ಹೊಲೆಯನು ಬೇಸಾಯಗಾರನಾಗುವುದು ಆಕೆಯ ಲೋಕದಲ್ಲಿ ನಡೆಯಕೂಡದ ಸಂಗತಿ. ಮಗನು ಅಲ್ಲಿಗೆ ಹಿಂದೆಗೆಯುತ್ತಾನೆ. ಇಲ್ಲಿ ದ್ವೇಷವೆಲ್ಲಿದೆ? ಹುಡುಕಿದರೂ ಸಿಕ್ಕದು. ಮಗನಿಗೆ ಚೋಮನಲ್ಲಿ ದ್ವೇಷವಿಲ್ಲ. ತಾಯಿಗೂ ದ್ವೇಷವೆಂಬುದಕ್ಕಿಂತ ತಲೆಮಾರುಗಳಿಂದ ಬಂದ ಭಯವೇ ಹೆಚ್ಚು. ಹೀಗಿದ್ದೂ ಚೋಮನಿಗೆ ಭೂಮಿ ಸಿಕ್ಕುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮೆರ್ಟನ್ನರು 1949ರಲ್ಲಿ, ನೀಗ್ರೋ ಜನರ ವಿಷಯದಲ್ಲಿ ತಮ್ಮ ದೇಶದವರ ನಡತೆಯನ್ನು ವಿಚಾರಮಾಡುತ್ತ, ಮನಸ್ಸಿನ ಪೂರ್ವಗ್ರಹ ಬೇರೆ, ನಡತೆಯ ಭೇದಭಾವ ಬೇರೆ ಎಂದು ಬಿಡಿಸಿ ತೋರಿಸಿದರು. ಎರಡೂ ಇರುವವರುಂಟು, ಎರಡೂ ಇಲ್ಲದವರುಂಟು. ಮನಸ್ಸಿನಲ್ಲಿ ಪೂರ್ವಗ್ರಹವಿದ್ದೂ ಕಾನೂನಿಗಂಜಿ ಭೇದ ತೋರದವರುಂಟು. ನಾಲ್ಕನೆಯವರು, ಮನಸ್ಸಿನಲ್ಲಿ ಪೂರ್ವಗ್ರಹವಿಲ್ಲದಿದ್ದರೂ ನಾಲ್ಕು ಜನರ ಮಾತಿಗೆ ಅಂಜಿ ಭೇದ ಮಾಡುವವರು. ಹವೆ ಚೆನ್ನಾಗಿರುವಾಗ ಮಾತ್ರ ಉದಾರಿಗಳು ಎಂಬರ್ಥದ ಹೆಸರನ್ನು ಮೆರ್ಟನ್ನರು ಇವರಿಗಿಟ್ಟರು. ಸಂಕಪ್ಪಯ್ಯ ಈ ನಾಲ್ಕನೆಯ ಗುಂಪಿನವನು. ಆ ವರ್ಗೀಕರಣಕ್ಕಿಂತ ಹದಿನಾರು ವರ್ಷ ಮೊದಲೇ ಕಾರಂತರು ಅವನನ್ನು ಜಗಲಿಯ ಮೇಲೆ ಕುಳ್ಳಿರಿಸಿಬಿಟ್ಟಿದ್ದರು. ಕಾದಂಬರಿಕಾರನು ಶಾಸ್ತ್ರಕ್ಕಿಂತ ಮುಂದಿದ್ದಾನೆಂದು ಮೆರೆಯಲು ಈ ಮಾತನ್ನು ಹೇಳುತ್ತಿಲ್ಲ. ಪೂರ್ವಗ್ರಹವನ್ನು ನಾವು ಕೆಟ್ಟವರ ಎದೆಯಲ್ಲಿ ಮಾತ್ರ ಹುಡುಕುವ ಅಭ್ಯಾಸವುಂಟಲ್ಲ, ಅದು ಎರಡು ಕಡೆಯಿಂದಲೂ ತಪ್ಪೆಂದು ತಿಳಿಯುತ್ತದೆ.

ಇನ್ನೊಂದು ಮಾತು. ಜನರನ್ನು ಒಂದೆಡೆ ಕೂಡಿಸಿದರೆ ಭೇದ ತಾನಾಗಿ ಕರಗುವುದೆಂದು ಶಾಲೆಗಳಲ್ಲಿ ನಾವು ಸುಲಭವಾಗಿ ನಂಬುತ್ತೇವೆ. ಚೋಮನ ಮನೆಯವರು ಧಣಿಯ ಗದ್ದೆಯಲ್ಲಿ ದುಡಿದದ್ದು ಒಂದು ದಿನವೇ? ಒಬ್ಬರ ಅನ್ನ ಇನ್ನೊಬ್ಬರ ಬೆವರಿನಲ್ಲಿ ಬೇಯುತ್ತಿದ್ದ ಸಂಬಂಧ ಅದು. ಅಷ್ಟು ಹತ್ತಿರವಿದ್ದೂ ಅಂತರ ಒಂದು ಅಂಗುಲವೂ ಕಡಮೆಯಾಗಲಿಲ್ಲ. ಗಾರ್ಡನ್ ಆಲ್‌ಪೋರ್ಟರು 1954ರಲ್ಲಿ ಪೂರ್ವಗ್ರಹವನ್ನು ಕುರಿತು ಬರೆದ ಗ್ರಂಥದಲ್ಲಿ ಇದರ ಕಾರಣವಿದೆ. ಸಂಪರ್ಕದಿಂದ ಭೇದ ಕಡಮೆಯಾಗಬೇಕಾದರೆ ಇಬ್ಬರೂ ಸರಿಸಮಾನರಾಗಿ ಸೇರಬೇಕು, ಇಬ್ಬರಿಗೂ ಒಂದೇ ಗುರಿಯಿರಬೇಕು, ಆ ಗುರಿಗಾಗಿ ಪರಸ್ಪರ ಸಹಕರಿಸಬೇಕು, ಮೇಲಿನಿಂದ ಕಾನೂನಿನ ಅಥವಾ ಸಂಪ್ರದಾಯದ ಬೆಂಬಲವೂ ಇರಬೇಕು. ಧಣಿಯ ಅಂಗಳದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ನಡೆಯುವ ಸಂಪರ್ಕ, ಮೇಲಿನವನ ಎಣಿಕೆಯನ್ನು ದಿನದಿನವೂ ಗಟ್ಟಿಮಾಡುತ್ತದೆ. ನದಿಯಲ್ಲಿ ಚೋಮನ ಕಿರಿಯ ಮಗ ಮುಳುಗುವಾಗ ಹೊಲೆಯನೆಂಬ ಕಾರಣಕ್ಕೆ ಅವನನ್ನು ಹಿಡಿದೆತ್ತುವ ಕೈ ಬರುವುದಿಲ್ಲ. ದಡದಲ್ಲಿದ್ದವರೆಲ್ಲ ಕೊಲೆಗಡುಕರೆಂದು ಯಾರೂ ಹೇಳರು. ಕಾರಂತರೂ ಹೇಳುವುದಿಲ್ಲ, ಆ ಭಾಗದ ಬಲವಿರುವುದೇ ಅಲ್ಲಿ.

ಕಾರಂತರಲ್ಲಿ ನಮಗೊಂದು ಅತೃಪ್ತಿಯೂ ಇದೆ. ಹಿಂದೆಗೆದ ಮೇಲೆ ಸಂಕಪ್ಪಯ್ಯನ ಮನಸ್ಸಿನಲ್ಲಿ ಏನಾಯಿತೆಂಬುದರ ಬಳಿ ಕಾದಂಬರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಥೆ ಚೋಮನ ಬೆನ್ನಹಿಂದೆ ಓಡುತ್ತದೆ, ನಮ್ಮ ಕಣ್ಣೀರೂ ಅತ್ತಲೇ ಹರಿಯುತ್ತದೆ. ಅಳುವ ಓದುಗನು ತನ್ನನ್ನು ಚೋಮನ ಪಕ್ಕದಲ್ಲಿ ಎಣಿಸಿಕೊಂಡು ಹಗುರಾಗುತ್ತಾನೆ. 1975ರಲ್ಲಿ ಬಿ. ವಿ. ಕಾರಂತರು ತೆಗೆದ, ಸ್ವರ್ಣಕಮಲ ಪಡೆದ ಚಲನಚಿತ್ರವನ್ನು ಶಾಲೆಯಲ್ಲಿ ತೋರಿಸಿದಾಗಲೂ ಹೀಗೆಯೇ ಆಯಿತು: ಮಕ್ಕಳು ಅತ್ತರು, ನಾವೂ ಕಣ್ಣೊರೆಸಿಕೊಂಡೆವು, ಮರುದಿನ ಮಧ್ಯಾಹ್ನದ ಊಟಕ್ಕೆ ಹುಡುಗರು ಎಂದಿನಂತೆ ತಂತಮ್ಮ ಜಾಗದಲ್ಲಿ, ತಂತಮ್ಮವರ ಜೊತೆಯಲ್ಲಿ ಕುಳಿತರು. ಕನ್ನಡ ವಿಭಾಗದವರು ಒಂದು ಕಡೆ, ಮಲಯಾಳ ವಿಭಾಗದವರು ಇನ್ನೊಂದು ಕಡೆ. ಕನ್ನಡದವರೊಳಗೇ ಮತ್ತೆ, ಹೆಸರಿಟ್ಟು ಹೇಳಲು ನಾವು ಸಂಕೋಚಪಡುವ ಗುಂಪುಗಳು. ಭಾಷೆಯ ವಿಷಯದಲ್ಲಿ ನಮಗಾದ ಅನ್ಯಾಯವನ್ನು ಸಭೆಗಳಲ್ಲಿ ಎತ್ತಿ ಹೇಳುವ ನಾವು ಈ ಎರಡನೆಯ ಸಾಲನ್ನು ಕಂಡೂ ಕಾಣದಂತೆ ಎಷ್ಟು ವರ್ಷ ದಾಟಿಹೋದೆವು! ಅದನ್ನು ಪ್ರಶ್ನಿಸಿದರೆ ಪೋಷಕರು ಏನೆನ್ನುವರೋ ಎಂಬ ಅಳುಕು. ಮುದಿ ತಾಯಿಯ ಮಾತಿನಂಥದೇ ಅದು.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು, 1955ರ ಕಾಯಿದೆ ಅದಕ್ಕೆ ಶಿಕ್ಷೆಯನ್ನು ವಿಧಿಸಿತು. ಆಲ್‌ಪೋರ್ಟರು ಹೇಳಿದ ಕಾನೂನಿನ ಬೆಂಬಲ ಹೀಗೆ ಒದಗಿತು. ಉಳಿದ ಮೂರನ್ನು ಒದಗಿಸುವ ಕೆಲಸದಲ್ಲಿ ತರಗತಿಯ ಪಾಲು ದೊಡ್ಡದು.

ನಮ್ಮ ಪ್ರಶ್ನಪತ್ರಿಕೆಗಳಲ್ಲಿ ‘ಚೋಮನ ಪಾತ್ರವನ್ನು ಚಿತ್ರಿಸಿ’ ಎಂಬ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಈ ವರ್ಷ ಸಾಹಿತ್ಯ ಸಂಘದ ಪ್ರಬಂಧ ಸ್ಪರ್ಧೆಗೆ ಸಂಕಪ್ಪಯ್ಯನ ಮೇಲೆ ಬರೆಯಲು ಹೇಳಿದೆವು. ಬಂದವುಗಳಲ್ಲಿ ಹೆಚ್ಚಿನವು ಅವನನ್ನು ದುಷ್ಟನೆಂದು ಒಂದೇ ಮಾತಿನಲ್ಲಿ ಮುಗಿಸಿದ್ದವು. ಒಬ್ಬಳು ಹುಡುಗಿ ಮಾತ್ರ ‘ಸಂಕಪ್ಪಯ್ಯ ನನ್ನ ಅಜ್ಜನ ಹಾಗೆ, ಒಳ್ಳೆಯವನು’ ಎಂದು ಬರೆದು, ಆ ಸಾಲನ್ನು ಶಾಯಿಯಿಂದ ಹೊಡೆದುಹಾಕಿದ್ದಳು. ಶಾಯಿಯ ಕೆಳಗೆ ಅಕ್ಷರಗಳು ಕಾಣುತ್ತಿದ್ದವು. ಅಂಕ ಕೊಡುವಾಗ ಆ ಸಾಲನ್ನೂ ಸೇರಿಸಿಕೊಂಡೆವು.