ಹಳೆಯ ನೀರು

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ದಿನ ಎಣಿಸಲು ಕ್ಯಾಲೆಂಡರ್ ಬೇಕಿರಲಿಲ್ಲ. “ನೀರು ಬಂದು ಎಷ್ಟ ದಿನಾ ಆತು?” ಎಂದು ಕೇಳಿದರೆ ಸಾಕಿತ್ತು. ನಾಲ್ಕು, ಆರು, ಬೇಸಿಗೆಯಲ್ಲಿ ಎಂಟು. ಪಕ್ಕದ ಮನೆಯಾಕೆ “ಅಕ್ಕೋರ, ನೀರ ಬಿಟ್ಟಾರ್ರೀ!” ಎಂದು ಕೂಗಿದರೆ ನಡುರಾತ್ರಿಯಾದರೂ ಏಳಲೇಬೇಕು. ಎದ್ದು ಮೊದಲು ಮಾಡುತ್ತಿದ್ದ ಕೆಲಸ ಯಾವುದು ಗೊತ್ತೇ? ಕೊಡ, ಹಂಡೆ, ಡ್ರಮ್ಮುಗಳಲ್ಲಿ ಉಳಿದಿದ್ದ ನೀರನ್ನೆಲ್ಲ ಗಟಾರಕ್ಕೆ ಚೆಲ್ಲುವುದು. ಅದು ಹಳೆಯ ನೀರು! ಹಿಂದಿನ ದಿನದವರೆಗೆ ತಂಬಿಗೆ ಲೆಕ್ಕದಲ್ಲಿ ಬಳಸಿದ ನೀರೇ ಹೊಸ ನೀರು ಬಂದೊಡನೆ ಬೇಡವಾಗುತ್ತಿತ್ತು. ನಿಮ್ಮಲ್ಲಿ ಹಲವರ ಮನೆಯಲ್ಲೂ ಹೀಗೇ ನಡೆದಿರಬೇಕು.

ನಮ್ಮ ಶಾಲೆಯ ಗೋಡೆಯ ಮೇಲೆ ‘ನೀರು ಉಳಿಸಿ’ ಎಂಬ ಬರಹವಿತ್ತು. ಜೊತೆಗೆ ನಳ ಬಂದ್ ಮಾಡುತ್ತಿರುವ ಸೀರೆಯುಟ್ಟ ಹೆಂಗಸಿನ ಚಿತ್ರ. ಪ್ರತಿವರ್ಷ ನಾನು ಮಕ್ಕಳಿಗೆ ಇದೇ ವಿಷಯದ ಮೇಲೆ ಪ್ರಬಂಧ ಬರೆಸುತ್ತಿದ್ದೆ. ಜನರ ಅಲಕ್ಷ್ಯದಿಂದಲೇ ನೀರಿನ ಅಭಾವ ಎಂದು ಎಲ್ಲರೂ ಬರೆಯುತ್ತಿದ್ದರು. ನಾನು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಿದ್ದೆ.

ಏಳನೆಯ ತರಗತಿಯ ಒಬ್ಬ ಹುಡುಗಿ ವಾರಕ್ಕೊಮ್ಮೆಯಾದರೂ ತಪ್ಪಿಸುತ್ತಿದ್ದಳು. ಒಂದು ದಿನ ನಿಲ್ಲಿಸಿ ಗದರಿಸಿದೆ. “ನೀರ ಬರೂ ದಿನಾ ನಾ ಮನ್ಯಾಗ ಇರಬೇಕ್ರೀ ಅಕ್ಕೋರ. ಅವ್ವ ಕೆಲಸಕ್ಕ ಹೋಗ್ತಾಳ” ಎಂದಳು. ಅಂದು ಹಾಜರಿ ಪುಸ್ತಕ ತೆಗೆದು ನೋಡಿದೆ. ಅವಳ ಓಣಿಯ ಇನ್ನೂ ಮೂವರು ಹುಡುಗಿಯರು ಅದೇ ದಿನಗಳಂದು ಗೈರು. ಹುಡುಗರೆಲ್ಲ ಹಾಜರು. ಗೋಡೆಯ ಮೇಲಿನ ಚಿತ್ರದಲ್ಲಿ ಈ ಲೆಕ್ಕ ಎಲ್ಲಿದೆ?

ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ನೀರಿನ ನೀತಿ ರೂಪಿಸುವವರು ಜನರ ಮನೋಭಾವ ಕೆಟ್ಟಿದೆ, ಅದನ್ನು ತಿದ್ದಬೇಕು ಎಂದು ಹೊರಡುತ್ತಾರೆ. ಆ ಮನೋಭಾವ ಹುಟ್ಟಿದ್ದು ಎಲ್ಲಿ ಎಂದು ಕೇಳುವುದಿಲ್ಲ. ನಾಳೆ ನೀರು ಬರುವ ನಂಬಿಕೆಯಿಲ್ಲದವಳು ಬೇಕಾದ್ದಕ್ಕಿಂತ ಹೆಚ್ಚು ತುಂಬಿಡುತ್ತಾಳೆ. ತುಂಬಿಟ್ಟದ್ದು ಹಳಸಿತೆಂದು ಚೆಲ್ಲುತ್ತಾಳೆ. ಇದು ಅಲಕ್ಷ್ಯವಲ್ಲ, ಭಯ.

2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳಿಗೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ದಿನದ 24 ಗಂಟೆಯೂ ನೀರು ಕೊಡತೊಡಗಿದರು. ಅಂಥ ಒಂದು ಬಡಾವಣೆಯಲ್ಲಿದ್ದ ನಮ್ಮ ಚಿಕ್ಕಮ್ಮ ಎಷ್ಟೋ ತಿಂಗಳು ಡ್ರಮ್ ತುಂಬಿಸುವುದನ್ನು ಬಿಡಲಿಲ್ಲ. “ನಾಳೆ ಬರ್ತದಂತ ಏನ್ ಗ್ಯಾರಂಟಿ?” ಎನ್ನುತ್ತಿದ್ದಳು. ಮರುವರ್ಷ ಹೋದಾಗ ಅದೇ ಡ್ರಮ್ಮಿನಲ್ಲಿ ಜೋಳ ತುಂಬಿತ್ತು. ಅವಳಿಗೆ ಯಾರೂ ಉಪದೇಶ ಮಾಡಿರಲಿಲ್ಲ. ನಳವೇ ಅವಳ ಮನಸ್ಸು ಬದಲಿಸಿತ್ತು.

ಆದರೆ ಈ ವ್ಯವಸ್ಥೆ ಇಡೀ ಊರಿಗೆ ಬೇಗ ಹಬ್ಬಲಿಲ್ಲ. ಮೀಟರ್ ಬಂದರೆ ಬಿಲ್ಲು ಏರುತ್ತದೆ, ನೀರು ಖಾಸಗಿಯವರ ಕೈಗೆ ಹೋಗುತ್ತದೆ ಎಂಬ ವಿರೋಧವಿತ್ತು. ಬಡವರ ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಇನ್ನೊಂದು ಕಡೆ, ಸಂಪು, ಮೋಟರು, ಮೇಲಿನ ಟ್ಯಾಂಕು ಇದ್ದವರಿಗೆ ಎಂಟು ದಿನದ ಬರ ತಟ್ಟಲೇ ಇಲ್ಲ. ಸಭೆಗಳಲ್ಲಿ ಮೊದಲು ಮಾತಾಡುವವರೂ ಅವರೇ.

ರಾಜಧಾನಿಯ ಕಥೆಯೂ ಬೇರೆಯಲ್ಲ. ಬೆಂಗಳೂರಿನಲ್ಲಿ 2009ರಲ್ಲಿ 2400 ಚದರಡಿ ಮೇಲ್ಪಟ್ಟ ನಿವೇಶನಗಳ ಹಳೆಯ ಮನೆಗಳಿಗೂ, 1200 ಚದರಡಿ ಮೇಲ್ಪಟ್ಟ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಅನೇಕರು ಅದನ್ನು ಅಳವಡಿಸುವ ಬದಲು ಬಿಲ್ಲಿನ ಜೊತೆ ದಂಡ ಕಟ್ಟುತ್ತ ಬಂದರು. ಅನುಕೂಲಸ್ಥರಿಗೆ ಆ ದಂಡ ನಿಯಮ ಮುರಿಯುವ ಬಾಡಿಗೆಯಾಯಿತು. ಜನ ಸಿಟ್ಟಾಗುತ್ತಾರೆಂಬ ಅಂಜಿಕೆಯಿಂದ 2014ರ ನಂತರ 2025ರವರೆಗೆ ನೀರಿನ ದರವನ್ನು ಮುಟ್ಟಲಿಲ್ಲ. ಕೊಳವೆಬಾವಿಗಳು ಒಣಗಿದ ಮೇಲೆ, 2024ರ ಮಾರ್ಚಿನಲ್ಲಿ, ಕುಡಿಯುವ ನೀರಿನಿಂದ ಕಾರು ತೊಳೆದರೆ 5000 ರೂಪಾಯಿ ದಂಡ ಎಂಬ ಆದೇಶ ಬಂತು. ದನಿಯಿದ್ದವರು ಮುನಿಯುವಲ್ಲಿ ನೀತಿ ಬಾಗುತ್ತದೆ. ದನಿಯಿಲ್ಲದವರ ಬಳಿ ಅದು ಗೋಡೆಬರಹವಾಗಿ ಉಪದೇಶ ಹೇಳುತ್ತದೆ.

ಹಾಗಾದರೆ ನಮ್ಮದು ತಪ್ಪೇ ಇಲ್ಲವೇ? ಇದೆ. ನೀರು ಬರುವ ದಿನ, ಹೊತ್ತು ಮೊದಲೇ ತಿಳಿಸಿ ಎಂದು ಒಟ್ಟಾಗಿ ಕೇಳಲಿಲ್ಲ. ಬಡ ಮನೆಗೆ ಬೇಕಾಗುವಷ್ಟು ನೀರನ್ನು ಅಗ್ಗದ ದರದಲ್ಲಿಟ್ಟು, ಆಮೇಲಿನದಕ್ಕೆ ಮೀಟರ್ ಲೆಕ್ಕ ಹಾಕಿ ಎಂದು ಹೇಳಲಿಲ್ಲ. ನೀರು ಹೆಂಗಸರ ಪಾಡು, ನೀತಿ ಗಂಡಸರ ಮಾತು ಎಂದು ಸುಮ್ಮನಿದ್ದೆವು.

ನಾನೀಗ ಆ ಪ್ರಬಂಧ ಬರೆಸುವುದಿಲ್ಲ. ‘ನಮ್ಮ ಮನೆಯಲ್ಲಿ ನೀರು ತುಂಬುವವರು ಯಾರು?’ ಎಂದು ಬರೆಸುತ್ತೇನೆ. ಹುಡುಗಿಯರು ಪುಟಗಟ್ಟಲೆ ಬರೆಯುತ್ತಾರೆ. ಹುಡುಗರು ಎರಡು ಸಾಲು ಬರೆದು ಪೆನ್ನು ಕಚ್ಚುತ್ತ ಕೂರುತ್ತಾರೆ. ಆ ಎರಡು ಸಾಲುಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸುತ್ತೇನೆ.