ಅಡ್ಮಿನ್‌ಗಳು ಮಾತ್ರ

ವಾಟ್ಸಾಪಿನಲ್ಲಿ ನನಗೆ ಅತ್ಯಂತ ಸೋಮಾರಿ ಅನ್ನಿಸೋ ಸೆಟ್ಟಿಂಗು 'ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು' ಅನ್ನೋದು. ಬಂದಿದ್ದು 2018ರಲ್ಲಿ. ಶಾಲೆಯ ನೋಟಿಸಿಗೆ, ಡೇರಿಯ ಪ್ರಕಟಣೆಗೆ ಅದು ಸರಿಯೇ. ಆದ್ರೆ ಒಂದು ಊರಿಗೆ?

ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮ ಮಾಕವಳ್ಳಿ ಕಡೆ ಕಬ್ಬಿನ ಕಟಾವು, ನಾಲೆ ನೀರು, ಕರೆಂಟು, ಸಾವಿನ ಸುದ್ದಿ ಎಲ್ಲಾ ಈಗ ಗುಂಪುಗಳಲ್ಲೇ. ಬೆಂಗಳೂರಲ್ಲಿ ಕೂತ ನಮ್ಮಂಥವರಿಗಂತೂ ಊರು ಅಂದ್ರೇ ಅದು. ನಾನಿರೋ ಒಂದು ಗುಂಪಲ್ಲಿ ಚುನಾವಣೆ ಹೊತ್ತಿಗೆ ಜಗಳ ಹತ್ತಿತು, ಅಡ್ಮಿನ್‌ಗಳು ಬಾಗಿಲು ಹಾಕಿದರು. ಜಗಳ ನಿಂತಿತು, ಒಪ್ಪೋಣ. ನಲ್ಲೀಲಿ ಬಂದ ಕೆಂಪು ನೀರಿನ ಫೋಟೋಗಳೂ ನಿಂತವು. ಅವನ್ನ ಹಾಕ್ತಿದ್ದವರು ಹೆಚ್ಚಾಗಿ ಹೆಂಗಸರು. ಮತದಾರರೆಲ್ಲ ಗ್ರಾಮಸಭೆಯ ಸದಸ್ಯರೇ ಅಂತ ಕಾನೂನು ಹೇಳುತ್ತೆ. ಆದ್ರೆ ಅಷ್ಟು ಜನ ಗಂಡಸರ ನಡುವೆ ಎದ್ದು ಮಾತಾಡೋದಕ್ಕಿಂತ ಒಂದು ಫೋಟೋ ಕಳಿಸೋದು ಅವರಿಗೆ ಸುಲಭವಾಗಿತ್ತು.

ಅಡ್ಮಿನ್‌ಗಳ ಭಯ ಸುಳ್ಳಲ್ಲ. 'ಯಾರೋ ಏನೋ ಹಾಕ್ತಾರೆ, ಸ್ಟೇಷನ್ನಿಗೆ ನಾವ್ ಹೋಗ್ಬೇಕಾ?' ಅಂತಾರೆ. ಆದರೆ 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್, ಸದಸ್ಯ ಹಾಕಿದ ಸಂದೇಶಕ್ಕೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆಯಾಗೋದಿಲ್ಲ ಅಂತ ಹೇಳಿದೆ. ಅದೇ ವರ್ಷ ವಾಟ್ಸಾಪು, ಬೇರೆಯವರ ಸಂದೇಶವನ್ನೂ ಎಲ್ಲರ ಫೋನಿಂದ ಅಳಿಸೋ ಅಧಿಕಾರ ಅಡ್ಮಿನ್‌ಗೆ ಕೊಟ್ಟಿತು. ಒಂದು ಕಳೆ ಕೀಳೋಕೆ ಕೈ ಸಾಕು. ಗದ್ದೆಗೇ ಬೆಂಕಿ ಯಾಕೆ?

ಮೊದಲು ಅನುಮತಿ, ಆಮೇಲೆ ಮಾತು ಅನ್ನೋ ಚಾಳಿ ನಮ್ಮ ಸೀಮೆಗೆ ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನ, ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, ಪತ್ರಿಕೆಗಳನ್ನು ಹಿಡಿತಕ್ಕೆ ತರೋ ಕಾನೂನು ಮಾಡಿತು. ಪತ್ರಿಕೆ ನಡೆಸಬೇಕಾದರೆ ಸರ್ಕಾರದ ಅನುಮತಿ ಬೇಕು ಅಂತಾಯಿತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅವರು ನಿಲ್ಲಿಸಿದ್ದು ಎಲ್ಲರಿಗೂ ಗೊತ್ತಾಯಿತು. ಹಳ್ಳಿಯ ಗುಂಪಲ್ಲಿ ಸುಮ್ಮನಾದವರ ಮೌನ ಯಾರ ಲೆಕ್ಕಕ್ಕೂ ಬರಲ್ಲ.

ನಿಯಮವೇ ಬೇಡ ಅಂತ ನಾನು ಹೇಳ್ತಿಲ್ಲ. ಹೊಸಬರನ್ನ ವಿಚಾರಿಸಿಯೇ ಸೇರಿಸಿ. ಫಾರ್ವರ್ಡುಗಳನ್ನ ಅಳಿಸಿ, ಯಾಕೆ ಅಳಿಸಿದ್ರಿ ಅಂತ ಒಂದು ಸಾಲು ಬರೀರಿ. ಜಗಳ ಹತ್ತಿದ ರಾತ್ರಿ ಬೀಗ ಹಾಕಿ, ಬೆಳಿಗ್ಗೆ ಎಷ್ಟು ಗಂಟೆಗೆ ತೆಗೀತೀರಿ ಅಂತ ಆಗಲೇ ಹೇಳಿ. ಇನ್ನೂ ಮುಖ್ಯವಾದದ್ದು: ಅಡ್ಮಿನ್‌ಗಳೆಲ್ಲ ಒಂದೇ ಬೀದಿಯ, ಒಂದೇ ಪಕ್ಷದ ಗಂಡಸರಾಗಿರಬಾರದು. ಪ್ರತಿ ಕೇರಿಯಿಂದ ಒಬ್ಬರಿರಲಿ, ಅವರಲ್ಲಿ ಹೆಂಗಸರೂ ಇರಲಿ.

ಒಳ್ಳೆ ನಿಯಮ ಒಂದು ಮಾತನ್ನ ತಡೆಯುತ್ತೆ, ಕಾರಣ ಹೇಳುತ್ತೆ. ಕೆಟ್ಟ ನಿಯಮ ಮಾತಾಡೋರನ್ನೇ ತಡೆದು, ಅದನ್ನ ಶಾಂತಿ ಅಂತ ಕರೆಯುತ್ತೆ.