ಹೂಂಗುಟ್ಟುವ ಕೇಳುಗ, ಗುಂಡಿ ಒತ್ತುವ ಕೇಳುಗ: ‘ಹೆವಿ ರೇನ್’ ಮತ್ತು ಅದರ ಮೊದಲ ಆಟಗಾರರು

ಜನಪದ ಕಥನಗಳ ಅಧ್ಯಯನದಲ್ಲಿ ನಾವು ವಕ್ತೃವಿಗೆ ಕೊಟ್ಟಷ್ಟು ಗಮನವನ್ನು ಕೇಳುಗನಿಗೆ ಕೊಟ್ಟಿಲ್ಲ. ವಕ್ತೃವಿನ ಹೆಸರು, ವಯಸ್ಸು, ಊರು, ಕಸುಬುಗಳನ್ನು ಸಂಗ್ರಹಗಳ ಕೊನೆಯಲ್ಲಿ ತಪ್ಪದೆ ದಾಖಲಿಸುತ್ತೇವೆ. ಕತೆ ನಡೆಯುತ್ತಿದ್ದಾಗ ಎದುರು ಕುಳಿತು ‘ಹೂಂ’ ಎನ್ನುತ್ತಿದ್ದವರು ಯಾರು, ಎಲ್ಲಿ ಅವರ ದನಿ ಚುರುಕಾಯಿತು, ಎಲ್ಲಿ ಅವರು ಸುಮ್ಮನಾದರು ಎಂಬುದಕ್ಕೆ ಮುದ್ರಿತ ಪಠ್ಯದಲ್ಲಿ ಗುರುತೇ ಇರುವುದಿಲ್ಲ. ನಾನೂ ನನ್ನ ಸಂಶೋಧನ ಪ್ರಬಂಧದ ಕಾಲದಲ್ಲಿ ಧ್ವನಿಸುರುಳಿಗಳನ್ನು ಬರಹಕ್ಕಿಳಿಸುವಾಗ ಅವನ್ನೆಲ್ಲ ‘ಅಡಚಣೆ’ ಎಂದು ತೆಗೆದುಹಾಕಿದವನೇ. ಆ ತಪ್ಪಿನ ಅರಿವು ನನಗೆ ಗಾಢವಾಗಿ ಆದದ್ದು ಅನಿರೀಕ್ಷಿತವಾದೊಂದು ಕಡೆಯಿಂದ, ಸಿನಿಮಾದಂತೆ ಕತೆ ಹೇಳುವ ಒಂದು ವಿಡಿಯೋ ಗೇಮಿನಿಂದ.

‘ಹೆವಿ ರೇನ್’ ಎಂಬ ಈ ಆಟವನ್ನು ಪ್ಯಾರಿಸ್ಸಿನ ಕ್ವಾಂಟಿಕ್ ಡ್ರೀಮ್ ಸಂಸ್ಥೆ ನಿರ್ಮಿಸಿತು. ಇದರ ಬರಹ ಮತ್ತು ನಿರ್ದೇಶನ ಡೇವಿಡ್ ಕೇಜ್ ಅವರದು. 2010ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 3 ಯಂತ್ರಕ್ಕಾಗಿ ಬಿಡುಗಡೆಯಾಗಿ, 2016ರಲ್ಲಿ ಪ್ಲೇಸ್ಟೇಷನ್ 4ಕ್ಕೂ 2019ರಲ್ಲಿ ಕಂಪ್ಯೂಟರಿಗೂ ಬಂದಿತು. ಮಳೆಗಾಲದಲ್ಲಿ ಗಂಡುಮಕ್ಕಳನ್ನು ಕದ್ದೊಯ್ದು ಮಳೆನೀರಿನಲ್ಲಿ ಮುಳುಗಿಸಿ ಕೊಲ್ಲುವ, ಶವದ ಕೈಯಲ್ಲಿ ಕಾಗದದ ಒಂದು ಗೊಂಬೆಯನ್ನೂ ಎದೆಯ ಮೇಲೆ ಒಂದು ಆರ್ಕಿಡ್ ಹೂವನ್ನೂ ಇಟ್ಟುಹೋಗುವ ಕೊಲೆಗಾರನೊಬ್ಬನ ಕತೆ ಇದು. ಮಗನನ್ನು ಹುಡುಕುವ ತಂದೆ ಈಥನ್ ಮಾರ್ಸ್, ಖಾಸಗಿ ಪತ್ತೇದಾರ ಸ್ಕಾಟ್ ಶೆಲ್ಬಿ, ಎಫ್.ಬಿ.ಐ. ಅಧಿಕಾರಿ ನಾರ್ಮನ್ ಜೇಡನ್, ಪತ್ರಕರ್ತೆ ಮ್ಯಾಡಿಸನ್ ಪೇಜ್ ಈ ನಾಲ್ವರನ್ನು ಆಟಗಾರ ಸರದಿಯ ಮೇಲೆ ನಡೆಸುತ್ತಾನೆ. ಇವರಲ್ಲಿ ಯಾರಾದರೂ ಸತ್ತರೆ ಆಟ ಮುಗಿಯುವುದಿಲ್ಲ. ಸತ್ತವರನ್ನು ಬಿಟ್ಟು ಕತೆ ಮುಂದೆ ಸಾಗುತ್ತದೆ. 2011ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಈ ಆಟಕ್ಕೆ ಕಥೆ, ಸಂಗೀತ ಮತ್ತು ತಾಂತ್ರಿಕ ಹೊಸತನಗಳಿಗಾಗಿ ಮೂರು ಪ್ರಶಸ್ತಿಗಳನ್ನು ಕೊಟ್ಟಿತು. ಪ್ರಸ್ತುತ ಲೇಖನಕ್ಕೆ ಪ್ರಶಸ್ತಿಗಿಂತ ಮುಖ್ಯವಾದದ್ದು ಮೊದಲ ದಿನಗಳಲ್ಲಿ ಇದನ್ನಾಡಿದವರ ಪ್ರತಿಕ್ರಿಯೆ. ಅದರಲ್ಲಿ ಮೆಚ್ಚುಗೆ, ಬೇಸರ, ನಗು, ಕಣ್ಣೀರು ಎಲ್ಲವೂ ಬೆರೆತಿದ್ದವು. ಒಂದೇ ದೃಶ್ಯಕ್ಕೆ ಕೆಲವರು ಅತ್ತರು, ಕೆಲವರು ನಕ್ಕರು. ಕಥನಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇರೆಯಿಲ್ಲ.

ಮೊದಲು ಬೇಸರದ ಮಾತು. ಈಥನ್ ಹಾಸಿಗೆಯಿಂದೇಳುತ್ತಾನೆ. ಸ್ನಾನ ಮಾಡುತ್ತಾನೆ, ಹಲ್ಲುಜ್ಜುತ್ತಾನೆ, ತನ್ನ ವಾಸ್ತುವಿನ್ಯಾಸದ ನಕ್ಷೆಗೆ ಒಂದೆರಡು ಗೆರೆ ಸೇರಿಸುತ್ತಾನೆ, ಹೆಂಡತಿ ಬಂದಾಗ ಊಟದ ಮೇಜಿಗೆ ತಟ್ಟೆ ಇಡುತ್ತಾನೆ, ಹಿತ್ತಲಿನಲ್ಲಿ ಮಕ್ಕಳೊಂದಿಗೆ ಆಡುತ್ತಾನೆ. ಅಂದು ಹಿರಿಯ ಮಗ ಜೇಸನ್‌ನ ಹತ್ತನೆಯ ಹುಟ್ಟುಹಬ್ಬ. ಇದೆಲ್ಲವನ್ನೂ ಆಟಗಾರನೇ ಸನ್ನೆಗೋಲನ್ನು ತಿರುಗಿಸಿ, ಗುಂಡಿ ಒತ್ತಿ ಮಾಡಿಸಬೇಕು. ನಡೆಯಲು ‘ಆರ್ 2’ ಎಂಬ ಗುಂಡಿಯನ್ನು ಹಿಡಿದೇ ಇರಬೇಕಾದ ಕ್ರಮ ಅನೇಕರಿಗೆ ಒಗ್ಗಲಿಲ್ಲ. ಬಂದೂಕು, ಓಟ, ಗೆಲುವುಗಳನ್ನು ನಿರೀಕ್ಷಿಸಿ ಬಂದವರಿಗೆ ತಟ್ಟೆ ಇಡುವ ಕೆಲಸ ಹಾಸ್ಯಾಸ್ಪದವಾಗಿ ಕಂಡದ್ದು ಸಹಜವೇ.

ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ 1909ರಷ್ಟು ಹಿಂದೆಯೇ ಜನಪದ ಕಥನದ ನಿಯಮಗಳನ್ನು ಪಟ್ಟಿಮಾಡುವಾಗ ಆರಂಭದ ನಿಯಮವೊಂದನ್ನು ಗುರುತಿಸಿದ್ದರು. ಕತೆ ಥಟ್ಟನೆ ಗದ್ದಲದಲ್ಲಿ ತೊಡಗುವುದಿಲ್ಲ, ನೆಮ್ಮದಿಯಿಂದ ಹೊರಟು ತಳಮಳದತ್ತ ಸಾಗುತ್ತದೆ ಎಂಬುದು ಅದರ ತಿರುಳು. ನಮ್ಮ ‘ಒಂದಾನೊಂದು ಊರಿನಲ್ಲಿ’ ಎಂಬ ಮಾತಿನ ಹಿಂದಿರುವುದೂ ಇದೇ. ಹಾಗಾಗಿ ‘ಹೆವಿ ರೇನ್’ನ ನಿಧಾನವನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ. ತಟ್ಟೆ ಇಟ್ಟ ಕೈಗೆ ಆ ಮನೆಯ ರೂಢಿಯಾಗುತ್ತದೆ. ಮುಂದೆ ಮಗ ಸತ್ತು, ಸಂಸಾರ ಒಡೆದು, ಕತ್ತಲಾದ ಇನ್ನೊಂದು ಮನೆಯಲ್ಲಿ ಉಳಿದ ಮಗನಿಗೆ ಊಟ ಬಡಿಸುವಾಗ ಅದೇ ಕೈ ಹಿಂದಿನದನ್ನು ನೆನೆಯುತ್ತದೆ. ಬಿಡುಗಡೆಗೆ ಮುನ್ನ ಮಾದರಿಗಾಗಿ ಕೊಟ್ಟ ಎರಡು ದೃಶ್ಯಗಳನ್ನಷ್ಟೇ ಆಡಿದವರಿಗೆ, ಅಂದರೆ ಶೆಲ್ಬಿ ಮತ್ತು ಜೇಡನ್‌ರನ್ನು ಮಾತ್ರ ಕಂಡವರಿಗೆ, ಇದು ಸಿಕ್ಕಿರಲಿಲ್ಲ. ಅವರು ಒಂದು ಪತ್ತೇದಾರಿ ಕತೆಯನ್ನು ನಿರೀಕ್ಷಿಸಿದ್ದರೆ ಅಚ್ಚರಿಯಿಲ್ಲ. ಇನ್ನೊಂದು ಸಣ್ಣ ಸಂಗತಿಯನ್ನೂ ಇಲ್ಲಿ ಹೇಳಬೇಕು. ಆಟವನ್ನು ಯಂತ್ರಕ್ಕೆ ಅಳವಡಿಸಿಕೊಳ್ಳುವ ನಿಮಿಷಗಳಲ್ಲಿ ತೆರೆಯ ಮೇಲೆ ಕಾಗದ ಮಡಿಸುವ ಕ್ರಮವನ್ನು ತೋರಿಸಲಾಗುತ್ತಿತ್ತು; ಅದಕ್ಕೆ ಬೇಕಾದ ಚೌಕ ಕಾಗದ ಪೆಟ್ಟಿಗೆಯೊಳಗೇ ಇರುತ್ತಿತ್ತು. ಕತೆ ಕೇಳಲು ಕೂತವರ ಕೈಗೆ ಅವರೆಕಾಯಿ ಸುಲಿಯಲು ಕೊಟ್ಟಂತೆ.

ಎಲ್ಲರ ನೆನಪಿನಲ್ಲೂ ಉಳಿದ ದೃಶ್ಯ ಮಾಲ್‌ನದು. ಜೇಸನ್‌ಗೆ ಕೆಂಪು ಬಲೂನೊಂದನ್ನು ಕೊಡಿಸಲಾಗುತ್ತದೆ. ತಂದೆ ಹಣ ಕೊಡುವ ಗಳಿಗೆಯಲ್ಲಿ ಹುಡುಗ ಜನಜಂಗುಳಿಯಲ್ಲಿ ಮರೆಯಾಗುತ್ತಾನೆ. ಆಟಗಾರ ‘ಎಕ್ಸ್’ ಗುಂಡಿಯನ್ನು ಒತ್ತಿದರೆ ಈಥನ್ ‘ಜೇಸನ್!’ ಎಂದು ಕೂಗುತ್ತಾನೆ. ಮತ್ತೆ ಒತ್ತಿದರೆ ಮತ್ತೆ ಕೂಗುತ್ತಾನೆ. ಎಷ್ಟು ಬಾರಿ ಕೂಗಿದರೂ, ಎಷ್ಟು ಬೇಗ ಜನರನ್ನು ಸರಿಸಿಕೊಂಡು ಹೋದರೂ ಹುಡುಗ ರಸ್ತೆಗೆ ಇಳಿಯುತ್ತಾನೆ, ಕಾರಿಗೆ ಸಿಕ್ಕಿ ಸಾಯುತ್ತಾನೆ. ಒತ್ತಿದ ಗುಂಡಿಯಿಂದ ಕತೆಯಲ್ಲಿ ಒಂದು ಕೂದಲೂ ಅಲುಗುವುದಿಲ್ಲ.

ಇಲ್ಲಿ ಆಟಗಾರರು ಎರಡು ಪಾಲಾದರು. ಏನನ್ನೂ ಬದಲಾಯಿಸಲಾಗದ ಗುಂಡಿಯನ್ನು ಯಾಕೆ ಕೊಟ್ಟರು, ಇದು ಆಟದ ಹೆಸರಿನಲ್ಲಿ ಮೋಸ ಎಂದವರದೊಂದು ಪಾಲು. ಒತ್ತುತ್ತ ಒತ್ತುತ್ತ ಎದೆ ಹಿಡಿದಂತಾಯಿತು ಎಂದವರದು ಇನ್ನೊಂದು ಪಾಲು. ಮುಂದಿನ ವರ್ಷಗಳಲ್ಲಿ ಆ ಕೂಗು ಒಂದು ನಗೆಮಾತಾಗಿ, ಈ ಆಟವನ್ನು ಆಡದವರ ಬಾಯಿಯಲ್ಲೂ ಗಾದೆಯಂತೆ ಓಡಾಡಿತು. ದುಃಖದ ಪಲ್ಲವಿಯೊಂದು ಅಣಕವಾಗುವುದು ಜಾನಪದದಲ್ಲಿ ಹೊಸದೇನಲ್ಲ. ಅಳುವಿಗೂ ಅಣಕಕ್ಕೂ ಪುನರಾವರ್ತನೆಯೇ ತಾಯಿ.

ನಾನು ಇದನ್ನು ಮೊದಲು ಕಂಡದ್ದು ರಜೆಗೆ ಬಂದಿದ್ದ ತಂಗಿಯ ಮಗ ಆಡುವಾಗ. ನನ್ನ ತಾಯಿ ಪಕ್ಕದಲ್ಲಿ ಕುಳಿತಿದ್ದರು. ಇಂಗ್ಲಿಷಿನ ಮಾತು ಅವರಿಗೆ ತಿಳಿಯದು. ಮೊಮ್ಮಗ ನಡುನಡುವೆ ಕತೆ ಹೇಳುತ್ತಿದ್ದ. ಬಲೂನು ದೂರವಾದಾಗ ಅವರು “ಗಟ್ಟಿಯಾಗಿ ಕೂಗ್ಲಾ ಮಗ, ಕೇಳುಸ್ನಿಲ್ಲ ಅವುನ್ಗೆ” ಎಂದರು. ಹುಡುಗ “ಕೂಗಿದ್ರೂ ಸಾಯ್ತಾನೆ ಅಜ್ಜಿ, ಕತೇನೇ ಹಂಗಿರೋದು” ಎಂದ. “ಸತ್ರೂ ಕೂಗ್ಬೇಕು ಕಣ್ಲಾ” ಎಂದು ಅವರು ಸಿಟ್ಟಾದರು.

ಆ ಮಾತು ನನ್ನನ್ನು ನನ್ನ ಧ್ವನಿಸುರುಳಿಗಳ ಬಳಿಗೆ ಕರೆದೊಯ್ದಿತು. ನಮ್ಮ ಮನೆಗಳಲ್ಲಿ ಕತೆ ಹೇಳುವವರು ‘ಹೂಂ ಅನ್ನದಿದ್ದರೆ ಕತೆ ಮುಂದೆ ಹೋಗದು’ ಎಂದು ಕರಾರು ಹಾಕುತ್ತಾರೆ. ಹೂಂಗುಟ್ಟುವವನಿಗೆ ಕತೆಯನ್ನು ತಿರುಗಿಸುವ ಅಧಿಕಾರವಿಲ್ಲ. ಕತೆ ನಡೆಯುವಾಗ ಅಲ್ಲಿರುವ ಹೊಣೆ ಅವನದು. ಮಲೆ ಮಾದೇಶ್ವರನ ಕಥನದ ಗದ್ಯಭಾಗಗಳಲ್ಲಿ ಹಿಮ್ಮೇಳದವರು ದನಿಗೂಡಿಸುವುದೂ ಇಂಥ ಹೊಣೆಯನ್ನೇ. ಮಾಲ್‌ನ ದೃಶ್ಯದ ಗುಂಡಿ ಈ ಹೂಂಗುಟ್ಟುವಿಕೆಯ ಯಾಂತ್ರಿಕ ರೂಪ ಎಂಬುದು ನನ್ನ ಅಭಿಪ್ರಾಯ. ಅದನ್ನು ಆಯ್ಕೆಯ ಗುಂಡಿ ಎಂದು ತಿಳಿದವರಿಗೆ ಮೋಸವಾಯಿತು. ಹೂಂ ಎಂದು ತಿಳಿದವರಿಗೆ ದುಃಖವಾಯಿತು.

ಆಟದ ನಡುಭಾಗ ಪರೀಕ್ಷೆಗಳದು. ಎರಡನೆಯ ಮಗ ಶಾನ್ ಎಲ್ಲಿದ್ದಾನೆಂದು ತಿಳಿಯಲು ಈಥನ್ ಐದು ಪರೀಕ್ಷೆಗಳನ್ನು ಎದುರಿಸಬೇಕು. ಎದುರಿಗೆ ಬರುವ ವಾಹನಗಳ ನಡುವೆ ಕಾರು ಓಡಿಸುವುದು ಒಂದು, ಒಡೆದ ಗಾಜು ತುಂಬಿದ ಸುರಂಗದಲ್ಲಿ ತೆವಳುವುದು ಇನ್ನೊಂದು. ಮೂರನೆಯದರಲ್ಲಿ ಐದು ನಿಮಿಷದೊಳಗೆ ತನ್ನ ಬೆರಳಿನ ತುದಿಯ ಗೆಣ್ಣನ್ನು ತಾನೇ ಕತ್ತರಿಸಿಕೊಳ್ಳಬೇಕು. ಕೋಣೆಯಲ್ಲಿ ಬೇರೆ ಬೇರೆ ಉಪಕರಣಗಳಿವೆ, ಕಬ್ಬಿಣವನ್ನು ಕಾಯಿಸಿ ಗಾಯ ಸುಟ್ಟುಕೊಳ್ಳುವ ಅವಕಾಶವಿದೆ, ಉಸಿರನ್ನು ಹಿಡಿತಕ್ಕೆ ತಂದುಕೊಳ್ಳಲೂ ಗುಂಡಿ ಒತ್ತಬೇಕು. ಆಟಗಾರರು ಕೈತಡೆದು ಕೂತರು, ಕೋಣೆಯನ್ನೆಲ್ಲ ಸುತ್ತಿ ಸಮಯ ಕಳೆದರು. ಇಡೀ ಕೃತಿಯಲ್ಲಿ ಅತ್ಯಂತ ಗಟ್ಟಿಯಾದ ಭಾಗ ಇದೇ.

ಸತ್ವಪರೀಕ್ಷೆ ನಮ್ಮ ಮಹಾಕಾವ್ಯಗಳಿಗೆ ಪರಿಚಿತವಾದ ಆಶಯ. ಗಂಡ ಕೇಳಿದ ಭಾಷೆ ಕೊಡಲೊಪ್ಪದೆ ಸಂಕಮ್ಮ ಪಡುವ ಹಿಂಸೆಯನ್ನು ಕೇಳುವಾಗ ನೆರೆದವರು ಕಣ್ಣೊರೆಸಿಕೊಳ್ಳುತ್ತಾರೆ. ಆ ಹಿಂಸೆಗೆ ಅವರು ಸಾಕ್ಷಿಗಳು. ‘ಹೆವಿ ರೇನ್’ನಲ್ಲಿ ಸಾಕ್ಷಿಯ ಕೈಗೇ ಕೊಡಲಿ ಬರುತ್ತದೆ. ಇದರಿಂದ ಅನುಭವ ತೀವ್ರವಾಗುತ್ತದೆ ಎಂದು ಬಹಳ ಜನ ಬರೆದಿದ್ದಾರೆ. ತೀವ್ರವಾಗುತ್ತದೆ, ನಿಜ. ಆದರೆ ಅನುಭವದ ಬಗೆಯೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ‘ಕೆರೆಗೆ ಹಾರ’ವನ್ನು ನೆನೆಯೋಣ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿ ಬಲಿಯಾಗುವ ಆ ಹಾಡಿನಲ್ಲಿ ಕೇಳುಗನಿಗೆ ಅವಳನ್ನು ಮೆಟ್ಟಿಲಿನಿಂದ ಹಿಂದೆ ಕರೆಯುವ ಗುಂಡಿಯೊಂದನ್ನು ಕೊಟ್ಟರೆ ಏನಾದೀತು? ಒತ್ತಿದವನಿಗೆ ಸಮಾಧಾನ, ಒತ್ತಲು ತಡಮಾಡಿದವನಿಗೆ ಪಶ್ಚಾತ್ತಾಪ. ತವರಿನವರು, ಅತ್ತೆಮನೆಯವರು, ಊರು ಎಲ್ಲರೂ ಕೂಡಿ ಅವಳನ್ನು ನೀರಿಗಿಳಿಸಿದರೆಂಬ ಅರಿವು, ಮಾದೇವರಾಯ ಬಂದು ಹಾರಿಕೊಳ್ಳುವಾಗ ನಮ್ಮನ್ನು ಚುಚ್ಚುವ ನಾಚಿಕೆ, ಇವು ಆಗ ನಮ್ಮ ಕೈಚಳಕದ ಪ್ರಶ್ನೆಯಾಗಿ ಕುಗ್ಗುತ್ತವೆ. ಸಾಮಾಜಿಕ ಅಪರಾಧವೊಂದು ವ್ಯಕ್ತಿಯ ಸೋಲಾಗಿ ಮಾರ್ಪಡುತ್ತದೆ.

ಇನ್ನು ಕೃತಿಯ ನಿಜವಾದ ದೋಷದ ಮಾತು. (ಕತೆಯ ಗುಟ್ಟು ತಿಳಿಯಬಯಸದವರು ಈ ಪರಿಚ್ಛೇದವನ್ನು ಬಿಡಬಹುದು.) ಕೊಲೆಗಾರ ಸ್ಕಾಟ್ ಶೆಲ್ಬಿಯೇ. ಆಟಗಾರ ಗಂಟೆಗಟ್ಟಲೆ ಅವನನ್ನು ನಡೆಸಿದ್ದಾನೆ, ‘ಎಲ್ 2’ ಗುಂಡಿ ಒತ್ತಿ ಅವನ ಮನಸ್ಸಿನ ಮಾತುಗಳನ್ನು ಕೇಳಿದ್ದಾನೆ. ಟೈಪ್‌ರೈಟರ್ ಅಂಗಡಿಯ ಮುದುಕನನ್ನು ಅವನು ಕೊಲ್ಲುವ ಗಳಿಗೆಯನ್ನು ಮಾತ್ರ ಆಟ ಕದ್ದುಮುಚ್ಚಿ, ಕೊನೆಗೆ ಹೊರಗಿಡುತ್ತದೆ. ಕೆಲವರು ಬೆರಗಾದರು; ಬಹಳಷ್ಟು ಜನ ತಮಗೆ ವಂಚನೆಯಾಯಿತೆಂದರು. ನಾನು ಎರಡನೆಯವರ ಕಡೆಗಿದ್ದೇನೆ. ಮಾದೇಶ್ವರ ಜಂಗಮನ ವೇಷದಲ್ಲಿ ಬಾಗಿಲಿಗೆ ಬಂದಾಗ ಬಾಗಿಲಲ್ಲಿ ನಿಂತವರಿಗೆ ಅವನಾರೆಂದು ತಿಳಿಯದು, ಕೇಳುಗರಿಗೆ ತಿಳಿದಿರುತ್ತದೆ. ಎ.ಕೆ. ರಾಮಾನುಜನ್ ಅವರು ಪ್ರಸಿದ್ಧಗೊಳಿಸಿದ ಹೂಗಿಡವಾಗುವ ಹುಡುಗಿಯ ಕತೆಯಲ್ಲಿಯೂ ಅವಳ ಗುಟ್ಟು ಮೊದಲು ದಕ್ಕುವುದು ಕೇಳುಗರಿಗೇ. ಜನಪದ ಕಥನ ಗುಟ್ಟನ್ನು ಪಾತ್ರಗಳಿಂದ ಮುಚ್ಚಿಡುತ್ತದೆ, ಕೇಳುಗನನ್ನು ಒಳಗಿನವನಾಗಿ ಸೇರಿಸಿಕೊಳ್ಳುತ್ತದೆ. ಕೇಳುಗನನ್ನು ಪಾತ್ರದ ಮೈಯೊಳಗೇ ಕೂರಿಸಿ, ಆ ಮೈಯ ಕೈ ಮಾಡಿದ್ದನ್ನು ಅವನಿಂದಲೇ ಮುಚ್ಚಿಡುವುದು ಹೂಂ ಎಂದವನಿಗೆ ಮಾಡಿದ ಅನ್ಯಾಯ. ಪತ್ತೇದಾರಿ ಕಾದಂಬರಿಗೆ ಇದು ಹೊಂದೀತು. ಅಲ್ಲಿ ಓದುಗ ಯಾರ ಪರವಾಗಿಯೂ ಹಲ್ಲುಜ್ಜಿರುವುದಿಲ್ಲ. ಈಥನ್‌ಗೆ ಎಚ್ಚರತಪ್ಪಿ, ಕಾಗದದ ಗೊಂಬೆ ಕೈಯಲ್ಲಿರುವಂತೆ ಎಚ್ಚರವಾಗುವ ಪ್ರಸಂಗಗಳಿಗೆ ಕೊನೆಯವರೆಗೂ ವಿವರಣೆಯೇ ಸಿಗದಿರುವುದು ಈ ಅನ್ಯಾಯಕ್ಕೆ ಸೇರಿಕೊಂಡ ಅಜಾಗ್ರತೆ.

ಇಂಥ ಆಟಗಳನ್ನು ‘ಹೊಸ ಮೌಖಿಕ ಪರಂಪರೆ’ ಎಂದು ಕರೆಯುವ ಉತ್ಸಾಹ ನಮ್ಮ ಕೆಲವು ಕಿರಿಯ ಸಂಶೋಧಕರಲ್ಲಿದೆ. ಹಲವು ಕೊನೆಗಳಿವೆ, ಆದ್ದರಿಂದ ಪಾಠಾಂತರಗಳಿವೆ ಎಂಬುದು ಅವರ ವಾದ. ಇದನ್ನು ಒಪ್ಪುವುದು ಕಷ್ಟ. ಆಲ್ಬರ್ಟ್ ಲಾರ್ಡ್ 1960ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ ಮೌಖಿಕ ಕಾವ್ಯಕ್ಕೆ ಹಾಡಿದಾಗಲೇ ಹುಟ್ಟು. ಪ್ರತಿ ಹಾಡಿಕೆಯೂ ಮೂಲವೇ. ‘ಹೆವಿ ರೇನ್’ನ ಎಲ್ಲ ಕೊನೆಗಳನ್ನೂ ನಟರು ಮೊದಲೇ ಅಭಿನಯಿಸಿದ್ದಾರೆ, ಅವೆಲ್ಲ ಒಂದೇ ತಟ್ಟೆಯಲ್ಲಿ ಅಚ್ಚಾಗಿವೆ. ಆಟಗಾರ ಅವುಗಳಲ್ಲೊಂದನ್ನು ತಲುಪುತ್ತಾನೆ, ಹುಟ್ಟಿಸುವುದಿಲ್ಲ. ಇದೇ ಸಂಸ್ಥೆ 2018ರಲ್ಲಿ ಹೊರತಂದ ‘ಡೆಟ್ರಾಯಿಟ್: ಬಿಕಮ್ ಹ್ಯೂಮನ್’ನಲ್ಲಿ ಪ್ರತಿ ಅಧ್ಯಾಯದ ಕೊನೆಗೆ ಕವಲುಗಳ ನಕ್ಷೆಯನ್ನೇ ತೆರೆಯ ಮೇಲೆ ಬಿಡಿಸಿ, ಜಗತ್ತಿನ ಆಟಗಾರರಲ್ಲಿ ಶೇಕಡಾ ಎಷ್ಟು ಮಂದಿ ಯಾವ ದಾರಿ ಹಿಡಿದರೆಂದು ತೋರಿಸಲಾಯಿತು. ಅದನ್ನು ಕಂಡಾಗ ನನಗೆ ನೆನಪಾದದ್ದು ಹಾಡುಗಾರನಲ್ಲ, ನಮ್ಮದೇ ಕಥಾವರ್ಗಸೂಚಿ. ಸಾಲುಗಳ ಉದಾಹರಣೆ ಇನ್ನೂ ಹತ್ತಿರದ್ದು. ಯಾವ ಸಾಲನ್ನು ಹಾಡಬೇಕೆಂದು ಮಾದೇಶ್ವರನ ಗುಡ್ಡರನ್ನು ಮನೆಯವರು ಕೇಳಿಕೊಳ್ಳಬಹುದು. ಆರಂಭವಾದ ಸಾಲಿನೊಳಗೆ ಸಂಕಮ್ಮನ ಕಷ್ಟವನ್ನು ತಪ್ಪಿಸೆಂದು ಯಾರೂ ಕೇಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕೇಜ್ ಅವರ ನಿಲುವು ನಮಗೆ ಹತ್ತಿರವಾಗಿದೆ. ಇಷ್ಟೆಲ್ಲ ಕವಲುಗಳನ್ನು ಕಟ್ಟಿದ ಮೇಲೂ ಜನ ಈ ಆಟವನ್ನು ಒಮ್ಮೆ ಮಾತ್ರ ಆಡಲಿ ಎಂದು ಅವರು ಬಿಡುಗಡೆಯ ದಿನಗಳಲ್ಲಿ ಬಯಸಿದ್ದರು. ಬಹುತೇಕರು ಅದನ್ನು ಪಾಲಿಸಲಿಲ್ಲ. ಉಳಿಸಿಟ್ಟ ಜಾಗಕ್ಕೆ ಹಿಂದಿರುಗಿ ಸತ್ತವರನ್ನು ಬದುಕಿಸಿಕೊಂಡರು. ನಮ್ಮ ಮನೆಯ ಹುಡುಗನ ಆಟದಲ್ಲಿ ಶಾನ್ ನೀರಿನಲ್ಲಿ ಮುಳುಗಿಹೋದ. ಅವನು ಕೂಡಲೇ ಹಿಂದಿನ ಅಧ್ಯಾಯವನ್ನು ತೆರೆಯಹೊರಟ. ತಾಯಿ ಎದ್ದು ನಿಂತು, “ನೀನಾಡ್ಕೊ ಮಗ, ನಂಗೆ ಕತೆ ಮುಗೀತು” ಎಂದು ಒಳಗೆ ಹೋದರು. ಆ ಸಂಜೆಗಳಲ್ಲಿ ನಾನು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡಿದ್ದೆ. ಈಚೆಗೆ ಅದನ್ನು ಬರಹಕ್ಕಿಳಿಸಿದ್ದೇನೆ, ಹೂಂಗಳನ್ನೂ ಅವುಗಳ ನಡುವಿನ ಮೌನವನ್ನೂ ಬಿಡದೆ.